ಹಳೆಯ ಲೈಬ್ರರಿ, ಹೊಸ ರನ್‌ಟೈಮ್: ತಂದೆಯವರ ಕಡತಗಳ ನೆಪದಲ್ಲಿ ಒಂದಿಷ್ಟು ತಿಳಿವಳಿಕೆ

ಪುಣೆಯ ಸದಾಶಿವ ಪೇಟೆ, ನಾರಾಯಣ ಪೇಟೆಗಳಲ್ಲಿ ಹಳೆಯ ವಾಡೆಗಳು ಒಂದೊಂದಾಗಿ ಉರುಳಿ, ಅದೇ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿರುವುದನ್ನು ಇಲ್ಲಿಯ ಕನ್ನಡಿಗರೆಲ್ಲರೂ ಬಲ್ಲರು. ನನ್ನ ಸಹೋದ್ಯೋಗಿಯೊಬ್ಬರು ಅಂಥದೊಂದು ವಾಡೆಯಿಂದ ಹೊಸ ಫ್ಲ್ಯಾಟಿಗೆ ಬಂದಾಗ ಅಜ್ಜನ ಕಾಲದ ತೂಗುಮಂಚವನ್ನು ಪ್ರೀತಿಯಿಂದ ಹೊತ್ತು ತಂದರು. ಸಾಗುವಾನಿಯ ಹಲಗೆ, ಹಿತ್ತಾಳೆಯ ಸರಪಳಿ, ಎಲ್ಲವೂ ಇನ್ನೊಂದು ನೂರು ವರ್ಷ ಬಾಳುವಷ್ಟು ಗಟ್ಟಿ. ಆದರೆ ಅದನ್ನು ತೂಗುಹಾಕಲು ಹೊಸ ಮನೆಯಲ್ಲಿ ತೊಲೆಯೂ ಇರಲಿಲ್ಲ, ತೊಲೆಗೆ ಬಡಿದ ಕೊಂಡಿಯೂ ಇರಲಿಲ್ಲ. ಮಂಚ ಕೆಟ್ಟಿರಲಿಲ್ಲ, ಮನೆಯೂ ಕೆಟ್ಟಿರಲಿಲ್ಲ. ಎರಡೂ ಚೆನ್ನಾಗಿದ್ದೂ ಒಂದಕ್ಕೊಂದು ಕೂಡಿಬರಲಿಲ್ಲ, ಅಷ್ಟೆ.

ಗಣಕದ ತಂತ್ರಾಂಶಗಳ ಲೋಕದಲ್ಲಿಯೂ ಇಂಥದೇ ಒಂದು ತೊಡಕು ಉಂಟೆಂದು ಕಳೆದ ವರ್ಷ ನನಗೆ ತಿಳಿಯಿತು. ನಾನು ತಂತ್ರಜ್ಞನಲ್ಲ. ಕಲಾ ವಿಭಾಗದ ಪದವಿ ಪಡೆದು ಬ್ಯಾಂಕಿಗೆ ಸೇರಿ ಮೂವತ್ತು ವರ್ಷ ಕಳೆದವನು. ಹಿಂಜವಡಿಯಲ್ಲಿ ತಂತ್ರಾಂಶ ಬರೆಯುವ ನನ್ನ ಸೋದರಳಿಯನ ಪಕ್ಕದಲ್ಲಿ ಹಲವು ಭಾನುವಾರ ಕುಳಿತು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿ ಅರಿತುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಓದುಗರ ಮನೆಗಳಲ್ಲಿ ತಂತ್ರಾಂಶ ಕ್ಷೇತ್ರದ ಮಕ್ಕಳು ಬೇಕಾದಷ್ಟಿದ್ದಾರೆ. ಅವರು ದಿನವಿಡೀ ಯಾವುದರೊಡನೆ ಗುದ್ದಾಡುತ್ತಾರೆಂಬುದು ಹಿರಿಯರಿಗೂ ಸ್ವಲ್ಪ ತಿಳಿದಿರಲಿ.

ಸಂಗತಿ ಹೀಗಿದೆ. ನನ್ನ ತಂದೆಯವರು ಗದಗ ಜಿಲ್ಲೆಯಲ್ಲಿ ಶಿಕ್ಷಕರಾಗಿದ್ದು ನಿವೃತ್ತಿಯ ನಂತರ ಪುಣೆಗೆ ಬಂದು ನಮ್ಮೊಡನೆ ನೆಲೆಸಿದರು. 2003ರಿಂದ 2009ರವರೆಗೆ, ಕಣ್ಣು ಸಹಕರಿಸುವಷ್ಟು ಕಾಲ, ನುಡಿ ತಂತ್ರಾಂಶದಲ್ಲಿ ತಮ್ಮ ನೆನಪುಗಳನ್ನು ತಾವೇ ಬೆರಳಚ್ಚು ಮಾಡಿದರು. ಒಟ್ಟು 214 ಕಡತಗಳು. 2016ರಲ್ಲಿ ಅವರು ತೀರಿಕೊಂಡರು. ಅವರ ಗಣಕ ಅದಕ್ಕೂ ಮೊದಲೇ ನಿಂತುಹೋಗಿತ್ತು. ಉಳಿದದ್ದು ಎರಡು ಸಿ.ಡಿ.ಗಳು. ಒಂದರಲ್ಲಿ ಕಡತಗಳು. ಇನ್ನೊಂದರಲ್ಲಿ, ಆ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಲೆಂದು 2006ರಲ್ಲಿ ಪರಿಚಿತರೊಬ್ಬರ ಮಗ ಬರೆದುಕೊಟ್ಟಿದ್ದ ಒಂದು ಸಣ್ಣ ಲೈಬ್ರರಿ. ಅದನ್ನು ನಡೆಸುತ್ತಿದ್ದ ಕಿಟಕಿ, ಗುಂಡಿಗಳುಳ್ಳ ಮುಖ್ಯ ಕ್ರಮವಿಧಿ ಹಳೆಯ ಗಣಕದೊಡನೆಯೇ ಹೋಗಿತ್ತು. ಬರೆದಾತ ವಿದೇಶದಲ್ಲಿದ್ದಾನೆ, ಮೂಲ ಸಂಕೇತವನ್ನು ಇಟ್ಟುಕೊಂಡಿಲ್ಲವೆಂದು ನೊಂದು ತಿಳಿಸಿದ.

ಹಾಗಾದರೆ ಹೊಸದಾಗಿಯೇ ಬರೆಯಬಹುದಲ್ಲ ಎಂದು ಕೇಳುವವರಿದ್ದಾರೆ, ನಾನೂ ಕೇಳಿದೆ. ಅದಕ್ಕೆ ಉತ್ತರ ತಿಳಿಯಬೇಕಾದರೆ ಗಣಕದಲ್ಲಿ ಕನ್ನಡ ಹೇಗೆ ನೆಲೆಗೊಂಡಿತೆಂಬುದನ್ನು ಕೊಂಚ ನೋಡಬೇಕು.

ಈ ಕಥೆಯ ಮೊದಲ ಅಧ್ಯಾಯಗಳಲ್ಲಿ ಒಂದು ನಮ್ಮ ಪುಣೆಯದೇ. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ರೂಪುಗೊಂಡ ಜಿಸ್ಟ್ ತಂತ್ರಜ್ಞಾನವು 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಗೆ ಬಂದು ಬೆಳೆಯಿತು. ಜಿಸ್ಟ್ ಕಾರ್ಡ್ ಎಂಬ ಒಂದು ಫಲಕವನ್ನು ಪಿಸಿಯೊಳಗೆ ಸಿಕ್ಕಿಸಿದರೆ ಭಾರತೀಯ ಲಿಪಿಗಳು ಪರದೆಯ ಮೇಲೆ ಮೂಡುತ್ತಿದ್ದವು. ಲಿಪಿಯ ಜ್ಞಾನವೆಲ್ಲ ಆ ಫಲಕದಲ್ಲಿರುತ್ತಿತ್ತು. 1991ರಲ್ಲಿ ಭಾರತೀಯ ಭಾಷೆಗಳಿಗೆ ಇಸ್ಕೀ ಎಂಬ ಸಂಕೇತ ಮಾನಕವೂ ಪ್ರಕಟವಾಯಿತು. ಅದೇ ವರ್ಷ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೂ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ಸಾಮಾನ್ಯರ ಮೇಜಿನ ಮೇಲಿದ್ದ ವಿಂಡೋಸ್ ಗಣಕಕ್ಕೆ ಯೂನಿಕೋಡ್ ಕನ್ನಡ ತಿಳಿದದ್ದು 2001ರ ಎಕ್ಸ್‌ಪಿಯೊಡನೆ. ಅದರ ಬಳಕೆ ರೂಢಿಗೆ ಬರಲು ಇನ್ನೂ ಹಲವು ವರ್ಷ ಹಿಡಿಯಿತು. ನಡುವಿನ ಕಾಲದಲ್ಲಿ ಕನ್ನಡಿಗರ ಕೈ ಹಿಡಿದು ನಡೆಸಿದ್ದು 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದ ತಂತ್ರಾಂಶಗಳು. ಅವುಗಳ ಋಣ ದೊಡ್ಡದು.

ಆ ಕಾಲದ ಫಾಂಟುಗಳು ಒಂದು ಜಾಣ ಉಪಾಯವನ್ನು ಅವಲಂಬಿಸಿದ್ದವು. ಇಂಗ್ಲಿಷ್ ಮತ್ತಿತರ ಐರೋಪ್ಯ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಕಡತದಲ್ಲಿ ಉಳಿಯುವುದು ಅಕ್ಷರವಲ್ಲ, ಅಕ್ಷರದ ತುಂಡುಗಳು. ಉದಾಹರಣೆಗೆ ನುಡಿ ಫಾಂಟಿನಲ್ಲಿ 'ಮ' ಎಂಬುದಕ್ಕೆ ಸ್ವತಂತ್ರ ಸಂಕೇತವಿಲ್ಲ. 'ವ' ಅಕ್ಷರದ ಆಕಾರ ಬರೆದು, ಅದರ ಬಲಕ್ಕೆ ಒಂದು ಕೊಂಬಿನಂಥ ತುಂಡು ಸೇರಿಸಿದರೆ 'ಮ' ಕಾಣಿಸುತ್ತದೆ. ಬೇರೊಂದು ಬಗೆಯ ಕೊಂಬು ಸೇರಿಸಿದರೆ 'ವು'. 'ಕರ್ಮ' ಎಂಬ ಪದದಲ್ಲಿ ನಾಲಿಗೆಯ ಮೇಲೆ ರೇಫ ಮೊದಲು, ಮಕಾರ ಆಮೇಲೆ. ಯೂನಿಕೋಡಿನ ಕ್ರಮವೂ ಅದೇ. ಹಳೆಯ ಕಡತದಲ್ಲಿ ಮಾತ್ರ ಅರ್ಕಾವತ್ತು ಬರವಣಿಗೆಯಲ್ಲಿ ಕಾಣುವಂತೆಯೇ 'ಮ'ದ ನಂತರ ಕುಳಿತಿರುತ್ತದೆ. 'ಕೋ' ಎಂಬ ಒಂದೇ ಅಕ್ಷರ ಮೂರು ನಾಲ್ಕು ತುಂಡುಗಳಾಗಿ ಹರಿದಿರುತ್ತದೆ. ಪರಿವರ್ತಿಸುವ ತಂತ್ರಾಂಶವು ಈ ತುಂಡುಗಳನ್ನು ಕೂಡಿಸಿ, ಹಿಂದುಮುಂದಾದವನ್ನು ಸರಿಪಡಿಸಿ, ವತ್ತು, ದೀರ್ಘ, ಅರ್ಕಾವತ್ತುಗಳೆಲ್ಲ ಒಟ್ಟಿಗೆ ಬಂದಾಗ ಯಾವುದು ಯಾರಿಗೆ ಸೇರಬೇಕೆಂದು ನಿರ್ಧರಿಸಬೇಕು.

ಇಂದು ನುಡಿಯ ಕಡತಗಳನ್ನು ಪರಿವರ್ತಿಸುವ ಬೇರೆ ಸಲಕರಣೆಗಳೂ ದೊರೆಯುತ್ತವೆ. ಆದರೆ ನನ್ನ ತಂದೆಯವರಿಗೆ ಕೆಲವು ಸ್ವಂತ ಅಭ್ಯಾಸಗಳಿದ್ದವು. ತುಂಡುಗಳನ್ನು ತಮಗೆ ತೋಚಿದ ಕ್ರಮದಲ್ಲಿ ಹೊಡೆಯುತ್ತಿದ್ದರು. ಪರದೆಯ ಮೇಲೆ ಸರಿಯಾಗಿ ಕಂಡರೆ ಸಾಕೆಂಬ ಭಾವ. ಆ ಹುಡುಗ ಅವರ ಪಕ್ಕದಲ್ಲಿ ಕುಳಿತು ಆ ವಿಶೇಷಗಳನ್ನೆಲ್ಲ ಗಮನಿಸಿ ಲೈಬ್ರರಿಯಲ್ಲಿ ಸೇರಿಸಿದ್ದ. ಅಂಥ ತಿಳಿವಳಿಕೆ ಬೇರೆಲ್ಲಿಯೂ ಬರೆದಿಟ್ಟಿರಲಿಲ್ಲ. ಆದ್ದರಿಂದಲೇ ಆ ಹಳೆಯ ಲೈಬ್ರರಿ ನಮಗೆ ಬೇಕಾಗಿತ್ತು.

ಈಗ ಲೈಬ್ರರಿ ಎಂದರೇನು, ರನ್‌ಟೈಮ್ ಎಂದರೇನು ಎಂಬುದನ್ನು ನೋಡೋಣ.

ಬ್ಯಾಂಕಿನ ಹಳಬರಿಗೆ ರೆಡಿ ರೆಕನರ್ ಪುಸ್ತಕ ನೆನಪಿರಬಹುದು. ಇಷ್ಟು ಮೊತ್ತಕ್ಕೆ, ಇಷ್ಟು ದರದಲ್ಲಿ, ಇಷ್ಟು ದಿನಗಳಿಗೆ ಬಡ್ಡಿ ಎಷ್ಟೆಂಬುದನ್ನು ಮೊದಲೇ ಲೆಕ್ಕಹಾಕಿ ಕೋಷ್ಟಕಗಳಲ್ಲಿ ಅಚ್ಚು ಮಾಡಿದ ಪುಸ್ತಕವದು. ಗುಮಾಸ್ತನು ಸೂತ್ರ ತಿಳಿಯಬೇಕಾಗಿರಲಿಲ್ಲ. ಪುಟ ತೆರೆದು ಅಂಕಿ ಎತ್ತಿಕೊಂಡರೆ ಸಾಕು. ಲೈಬ್ರರಿಯೂ ಅಂಥದೇ. ಯಾರೋ ಒಮ್ಮೆ ಬರೆದು ಪರೀಕ್ಷಿಸಿಟ್ಟ ಕೆಲಸವನ್ನು ಬೇರೆ ಕ್ರಮವಿಧಿಗಳು ಕರೆದು ಬಳಸಿಕೊಳ್ಳುತ್ತವೆ. ಲೈಬ್ರರಿ ತಾನಾಗಿ ಓಡುವುದಿಲ್ಲ. ಕರೆದವರ ಮನೆಯಲ್ಲಿ ಅತಿಥಿಯಾಗಿ ಕೆಲಸ ಮಾಡಿಕೊಡುತ್ತದೆ.

ರನ್‌ಟೈಮ್ ಎಂಬುದು ಆ ಮನೆ. ಮೈಕ್ರೋಸಾಫ್ಟಿನ ಡಾಟ್‌ನೆಟ್, ಜಾವಾ ಮುಂತಾದವುಗಳಲ್ಲಿ ಬರೆದ ಕ್ರಮವಿಧಿಯನ್ನು ನೇರವಾಗಿ ಯಂತ್ರದ ಭಾಷೆಗೆ ಇಳಿಸುವುದಿಲ್ಲ. ಅದು ಒಂದು ನಡುಭಾಷೆಯಲ್ಲಿ ಉಳಿದಿರುತ್ತದೆ. ಓಡಿಸುವ ಹೊತ್ತಿನಲ್ಲಿ ರನ್‌ಟೈಮ್ ಅದನ್ನು ಯಂತ್ರಕ್ಕೆ ತಿಳಿಯುವಂತೆ ಅನುವಾದಿಸುತ್ತದೆ, ನೆನಪಿನ ಜಾಗ ಹಂಚುತ್ತದೆ, ಬಳಸಿ ಬಿಟ್ಟ ಜಾಗವನ್ನು ಗುಡಿಸಿ ಮರಳಿ ಪಡೆಯುತ್ತದೆ, ತಪ್ಪು ನಡೆದರೆ ಕೈಹಿಡಿದು ನಿಲ್ಲಿಸುತ್ತದೆ. ತೂಗುಮಂಚಕ್ಕೆ ತೊಲೆ ಹೇಗೋ ಹಾಗೆ.

ಡಾಟ್‌ನೆಟ್‌ನ ಮೊದಲ ಆವೃತ್ತಿ 2002ರಲ್ಲಿ ಬಂತು, 1.1 ಮರುವರ್ಷ, 2.0 2005ರ ಕೊನೆಗೆ. ಅದರ ಹಿಂದೆಯೇ 2006ರಲ್ಲಿ 3.0, 2007ರಲ್ಲಿ 3.5. ಇಲ್ಲೊಂದು ಸೂಕ್ಷ್ಮವುಂಟು: 3.0 ಮತ್ತು 3.5 ಎಂಬ ಹೆಸರುಗಳು ಬದಲಾದರೂ ಒಳಗಿನ ರನ್‌ಟೈಮ್ 2.0 ಆಗಿಯೇ ಉಳಿಯಿತು. ಮನೆಗೆ ಹೊಸ ಕೋಣೆಗಳು ಬಂದವು, ಅಡಿಪಾಯ ಅದೇ. ಆದ್ದರಿಂದ ಆ ವರ್ಷಗಳಲ್ಲಿ ಹಳೆಯ ಲೈಬ್ರರಿಗಳ ಗೋಳು ಯಾರಿಗೂ ಅಷ್ಟಾಗಿ ತಟ್ಟಲಿಲ್ಲ. 2010ರಲ್ಲಿ ಬಂದ 4.0 ಮಾತ್ರ ಹೊಸ ರನ್‌ಟೈಮನ್ನೇ ತಂದಿತು. ಅಲ್ಲಿಂದ 4.5, 4.6, 4.7, 2019ರ 4.8 ಇವೆಲ್ಲ ಆ ನಾಲ್ಕರ ಅಡಿಪಾಯದ ಮೇಲೆಯೇ ಒಂದರ ಜಾಗದಲ್ಲಿ ಇನ್ನೊಂದು ಬಂದು ಕುಳಿತವು.

ನಡುಭಾಷೆಯಲ್ಲಿ ಮಾತ್ರ ಬರೆದ ಶುದ್ಧ ಲೈಬ್ರರಿಯಾದರೆ, 2.0 ಕಾಲದ್ದನ್ನು 4ರ ಮನೆಗೆ ಕರೆತಂದರೂ ಬಹುಮಟ್ಟಿಗೆ ತಕರಾರಿಲ್ಲದೆ ಹೊಂದಿಕೊಳ್ಳುತ್ತದೆ. ನಮ್ಮದು ಶುದ್ಧವಾಗಿರಲಿಲ್ಲ. ಆ ಹುಡುಗ ಅಕ್ಷರ ಜೋಡಿಸುವ ಭಾಗವನ್ನು ಸಿ ಪ್ಲಸ್‌ಪ್ಲಸ್ ಭಾಷೆಯಲ್ಲಿ, ನೇರ ಯಂತ್ರಭಾಷೆಗೆ ಇಳಿಯುವಂತೆ ಬರೆದು, ಅದರ ಮೇಲೆ ಡಾಟ್‌ನೆಟ್‌ನ ಹೊದಿಕೆ ಹಾಕಿದ್ದ. ಒಂದೇ ಕಡತದಲ್ಲಿ ಎರಡು ಬಗೆಯ ಸಂಕೇತ. ಇಂಥದನ್ನು ಮಿಕ್ಸೆಡ್ ಮೋಡ್, ಅಂದರೆ ಮಿಶ್ರರೂಪದ ಲೈಬ್ರರಿ ಎನ್ನುತ್ತಾರೆ. ಇದು ಗೋಡೆಯೊಳಗೆ ಅರ್ಧ ಹುದುಗಿದ ಕಪಾಟಿನಂತೆ. ಎತ್ತಿ ಬೇರೆಡೆ ಇಡಲು ಹೋದರೆ ಹಳೆಯ ಗೋಡೆಯನ್ನೂ ಕೇಳುತ್ತದೆ.

ಅಳಿಯ ಮೊದಲ ಭಾನುವಾರ 4.8ರಲ್ಲಿ ಒಂದು ಪುಟ್ಟ ಕ್ರಮವಿಧಿ ಬರೆದು ಈ ಲೈಬ್ರರಿಯನ್ನು ಕರೆದ. ಬಂದ ಉತ್ತರದ ತಾತ್ಪರ್ಯ ಇಷ್ಟು: ಈ ಮಿಶ್ರರೂಪದ ಕಡತವನ್ನು ರನ್‌ಟೈಮಿನ 2.0.50727 ಆವೃತ್ತಿಗಾಗಿ ಕಟ್ಟಲಾಗಿದೆ. ಹೆಚ್ಚಿನ ಸೂಚನೆಯಿಲ್ಲದೆ ಇದನ್ನು 4.0 ರನ್‌ಟೈಮಿನಲ್ಲಿ ತೆರೆಯಲಾಗದು. ನಾನು ಕಡತ ಕೆಟ್ಟಿತೆಂದೇ ಎದೆ ಒಡೆದುಕೊಂಡೆ. ಅವನು ನಕ್ಕು, "ಮಾಮಾ, ಲೈಬ್ರರಿ ಏನೂ ಕೆಟ್ಟಿಲ್ಲ. ಅದಕ್ಕ ತನ್ನ ಹಳೀ ಮನಿ ಬೇಕಾಗೇದ, ನಾವು ಬ್ಯಾರೆ ಮನ್ಯಾಗ ಕೂಡಿಸೇವಿ" ಎಂದ.

ಮಾತು ನಿಜವೇ. 2010ರ ನಂತರ ಬಹಳ ಮಂದಿ ಈ ಸಂದೇಶವನ್ನು ಕಂಡು ಕಂಗೆಟ್ಟಿದ್ದರಂತೆ. ಎಸ್‌ಕ್ಯೂಲೈಟ್ ದತ್ತಸಂಚಯಕ್ಕೆ ಡಾಟ್‌ನೆಟ್‌ನಿಂದ ಸಂಪರ್ಕ ಕಲ್ಪಿಸುವ ಜನಪ್ರಿಯ ಲೈಬ್ರರಿಯೂ ಮಿಶ್ರರೂಪದ್ದಾಗಿದ್ದರಿಂದ ಅದರ ಬಳಕೆದಾರರಿಗೆಲ್ಲ ಇದು ಎದುರಾಯಿತು. ಪರಿಹಾರ ಒಂದೇ ಸಾಲಿನದು. ಕ್ರಮವಿಧಿಯ ಜೊತೆಯಲ್ಲಿರುವ ಸಂರಚನಾ ಕಡತದ ಸ್ಟಾರ್ಟ್‌ಅಪ್ ಭಾಗದಲ್ಲಿ 'ಯೂಸ್ ಲೆಗಸಿ ವಿ2 ರನ್‌ಟೈಮ್ ಆಕ್ಟಿವೇಶನ್ ಪಾಲಿಸಿ' ಎಂಬ ಉದ್ದನೆಯ ಹೆಸರನ್ನು, ನಡುವೆ ಜಾಗ ಬಿಡದೆ ಬರೆದು, ಅದರ ಬೆಲೆ 'ಟ್ರೂ' ಎಂದು ಕೊಡಬೇಕು.

ಈ ಹೆಸರು ತಪ್ಪು ದಾರಿ ಹಿಡಿಸುತ್ತದೆ. ಓದಿದವರಿಗೆ ಇದು ಹಳೆಯ 2.0 ರನ್‌ಟೈಮನ್ನು ಎಬ್ಬಿಸಿ ಅದರಲ್ಲಿ ಲೈಬ್ರರಿಯನ್ನು ಓಡಿಸುತ್ತದೆಂಬ ಭ್ರಮೆಯಾಗುತ್ತದೆ. ನನಗೂ ಹಾಗೆಯೇ ಆಗಿತ್ತು. ನಡೆಯುವುದು ಅದಕ್ಕೆ ವಿರುದ್ಧ. ನಾಲ್ಕನೆಯ ರನ್‌ಟೈಮು ಒಂದೇ ಪ್ರಕ್ರಿಯೆಯೊಳಗೆ ತನ್ನ ಪಕ್ಕದಲ್ಲಿ ಎರಡನೆಯದಕ್ಕೂ ಜಾಗ ಕೊಡಬಲ್ಲದು, ಒಂದೇ ಸೂರಿನಡಿ ಎರಡು ಒಲೆಗಳಿದ್ದಂತೆ. ಆದ್ದರಿಂದ ಹಳೆಯ ರೀತಿಯಲ್ಲಿ ರನ್‌ಟೈಮನ್ನು ಕೇಳುವ ಅತಿಥಿ ಬಂದಾಗ ಅವನು ಯಾವ ಒಲೆಯವನೆಂಬ ಗೊಂದಲ ಏಳುತ್ತದೆ. ಆ ಒಂದು ಸಾಲು, 'ಈ ಮನೆಯಲ್ಲಿ ಒಂದೇ ಒಲೆ. ಯಾರೇ ಬರಲಿ, ಈಗ ಉರಿಯುತ್ತಿರುವುದರಲ್ಲೇ ಅಡುಗೆ' ಎಂದು ಗೊತ್ತುಪಡಿಸುತ್ತದೆ. ಹಳೆಯ ಲೈಬ್ರರಿ ನಾಲ್ಕರಲ್ಲಿಯೇ ಓಡುತ್ತದೆ. ಪಕ್ಕಪಕ್ಕದಲ್ಲಿ ಎರಡು ರನ್‌ಟೈಮ್ ನಡೆಸುವ ಸೌಕರ್ಯ ಹಳೆಯ ರೀತಿಯ ಅತಿಥಿಗಳ ಪಾಲಿಗೆ ಅಲ್ಲಿ ಇಲ್ಲವಾಗುತ್ತದೆ.

ಇನ್ನೊಂದು ಎಚ್ಚರಿಕೆಯೂ ಬೇಕು. ಆ ಸಾಲನ್ನು ಬರೆಯಬೇಕಾದದ್ದು ಲೈಬ್ರರಿಯ ಪಕ್ಕದ ಕಡತದಲ್ಲಲ್ಲ, ಅದನ್ನು ಕರೆಯುವ ಮುಖ್ಯ ಕ್ರಮವಿಧಿಯ ಕಡತದಲ್ಲಿ. ಮನೆಯ ನಿಯಮವನ್ನು ಯಜಮಾನ ಹೇಳಬೇಕು, ಅತಿಥಿಯಲ್ಲ. ಅನುಭವಿಗಳೂ ಇಲ್ಲಿ ಎಡವಿ ಅರ್ಧ ದಿನ ಕಳೆಯುತ್ತಾರೆಂದು ಅಳಿಯ ಹೇಳಿದ. ಹೇಳುವ ಧಾಟಿಯಲ್ಲಿ ಸ್ವಾನುಭವವಿತ್ತು.

ಆ ಸಾಲು ಬರೆದ ಮೇಲೆ ಅವನ ಗಣಕದಲ್ಲಿ ಮೊದಲ ಕಡತ ಪರಿವರ್ತನೆಯಾಯಿತು. ತಂದೆಯವರ ಬಾಲ್ಯದ ಊರಿನ ವರ್ಣನೆ ಯೂನಿಕೋಡಿನಲ್ಲಿ ಪರದೆಯ ಮೇಲೆ ಮೂಡಿದ ಆ ಕ್ಷಣವನ್ನು ಬಣ್ಣಿಸಲಾರೆ. ಉತ್ಸಾಹದಿಂದ ಎಲ್ಲವನ್ನೂ ನನ್ನ ಹೊಸ ಗಣಕಕ್ಕೆ ಹಾಕಿದೆವು. ಅಲ್ಲಿ ಮತ್ತೆ ನಿಂತಿತು, ಈ ಸಲ ಬೇರೆ ಕಾರಣಕ್ಕೆ.

ಈ ಭಾಗ ಸ್ವಲ್ಪ ಒಣದು, ಬೇಗ ಹೇಳಿ ಮುಗಿಸುತ್ತೇನೆ. ಲೈಬ್ರರಿಯೊಳಗಿನ ಯಂತ್ರಭಾಷೆಯ ಅರ್ಧ 32 ಬಿಟ್‌ನದು. ಇಂದಿನ ಗಣಕಗಳು 64 ಬಿಟ್‌ನವು. 64 ಬಿಟ್ ವಿಂಡೋಸ್ 32 ಬಿಟ್ ಕ್ರಮವಿಧಿಯನ್ನು ಓಡಿಸಬಲ್ಲದು. ಆದರೆ 64 ಬಿಟ್ ಪ್ರಕ್ರಿಯೆಯೊಂದು 32 ಬಿಟ್ ಲೈಬ್ರರಿಯನ್ನು ತನ್ನೊಳಗೆ ತೆಗೆದುಕೊಳ್ಳಲಾರದು. ಮುಖ್ಯ ಕ್ರಮವಿಧಿಯನ್ನು 32 ಬಿಟ್‌ಗೆಂದೇ ಕಟ್ಟಿದಾಗ ಆ ದೂರು ಹೋಯಿತು. ಕೂಡಲೇ ಮತ್ತೊಂದು: 'ಇಂಥ ಕಡತ ಸಿಗುತ್ತಿಲ್ಲ' ಎಂದು ಕಣ್ಣೆದುರಿಗೇ ಇರುವ ಲೈಬ್ರರಿಯ ಹೆಸರನ್ನೇ ಹೇಳತೊಡಗಿತು. ಸಿಗದಿದ್ದುದು ಲೈಬ್ರರಿಯಲ್ಲ, ಅದು ನಂಬಿಕೊಂಡಿದ್ದ 2005ರ ಸಿ ಪ್ಲಸ್‌ಪ್ಲಸ್ ಪೂರಕ ಕಡತಗಳು. ಅಳಿಯನ ಗಣಕದಲ್ಲಿ ಬೇರಾವುದೋ ಕೆಲಸಕ್ಕೆ ಅವು ಮೊದಲೇ ಸೇರಿದ್ದವು; ನನ್ನದರಲ್ಲಿ ಇರಲಿಲ್ಲ. ನಮ್ಮ ಶಾಖೆಯಲ್ಲಿಯೂ ಗ್ರಾಹಕರ ಅರ್ಜಿಗೆ 'ಅರ್ಜಿ ಅಪೂರ್ಣ' ಎಂದಷ್ಟೇ ಬರೆದು, ಯಾವ ಅಂಕಣ ಖಾಲಿಯೆಂದು ಹೇಳದೆ ವಾಪಸು ಕಳಿಸುವವರಿದ್ದಾರೆ. ಆ ಸಂದೇಶ ಬರೆದವರು ಅವರ ಬಂಧುಗಳಿರಬೇಕು.

ಇಷ್ಟಕ್ಕೆ ನಿಲ್ಲಿಸಬಹುದಾಗಿತ್ತು. ಆದರೆ ಅಳಿಯನ ಮನಸ್ಸಿನಲ್ಲಿ ಬೇರೊಂದು ಯೋಜನೆಯಿತ್ತು: ಕಡತಗಳನ್ನೆಲ್ಲ ಪರಿವರ್ತಿಸಿ, ಹೆಸರು, ಊರು, ವರ್ಷಗಳ ಪ್ರಕಾರ ಹುಡುಕಬಲ್ಲ ಒಂದು ತಂತ್ರಾಂಶ. ಅದನ್ನು ಅವನು ಡಾಟ್‌ನೆಟ್ 8ರಲ್ಲಿ ಬರೆಯಲು ಬಯಸಿದ. ಇಲ್ಲಿ ಇತಿಹಾಸದ ಇನ್ನೊಂದು ತಿರುವು ಬರುತ್ತದೆ. 2016ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಹಳೆಯ ಮನೆಯ ಪಕ್ಕದಲ್ಲಿ ಡಾಟ್‌ನೆಟ್ ಕೋರ್ ಎಂಬ ಬೇರೆಯೇ ಮನೆಯನ್ನು ಕಟ್ಟಿತು. ಅದು ಲಿನಕ್ಸ್, ಮ್ಯಾಕ್‌ಗಳಲ್ಲಿಯೂ ನಡೆಯುವಂಥದು. 2020ರಲ್ಲಿ ಅದೇ ಡಾಟ್‌ನೆಟ್ 5 ಎಂಬ ಹೆಸರು ಪಡೆಯಿತು, 2023ರಲ್ಲಿ 8 ಬಂತು. ಇದು 4.8ರ ಮುಂದಿನ ಮಹಡಿಯಲ್ಲ, ಬೇರೆ ನಿವೇಶನದ ಬೇರೆ ಕಟ್ಟಡ. 2017ರಲ್ಲಿ ಬಂದ ಡಾಟ್‌ನೆಟ್ ಸ್ಟಾಂಡರ್ಡ್ 2.0 ಎಂಬ ಒಡಂಬಡಿಕೆಯಿಂದಾಗಿ ಹಳೆಯ ಮನೆಯ ಶುದ್ಧ ಲೈಬ್ರರಿಗಳನ್ನು ಹೊಸ ಮನೆಯಲ್ಲಿ ಕರೆಯಲು ಸಾಧ್ಯವಾಯಿತು. ಕಟ್ಟುವಾಗ ಒಂದು ಎಚ್ಚರಿಕೆ ಬರುತ್ತದೆ, ಕೆಲಸ ಮಾತ್ರ ಮುಂದುವರಿಯುತ್ತದೆ. ಆ ಲೈಬ್ರರಿಯು ಹೊಸ ಮನೆಯಲ್ಲಿ ಇಲ್ಲದ ಸೌಕರ್ಯವನ್ನು ಕೇಳುವವರೆಗೆ ಎಲ್ಲವೂ ಸುಗಮ. ಕೇಳಿದ ಕ್ಷಣ ಬೀಳುತ್ತದೆ. ಅದು ಪರೀಕ್ಷೆಯ ದಿನವೇ ಕೇಳೀತೆಂಬ ಭರವಸೆಯಿಲ್ಲ. ಆರು ತಿಂಗಳ ನಂತರ ಮಾರ್ಚ್ 31ರ ರಾತ್ರಿ ಕೇಳಬಹುದು. ಬ್ಯಾಂಕಿನವರಿಗೆ ಆ ರಾತ್ರಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮಿಶ್ರರೂಪದ ನಮ್ಮ ಲೈಬ್ರರಿಗಂತೂ ಅಲ್ಲಿ ಪ್ರವೇಶವೇ ಇಲ್ಲ. ಮೂಲ ಸಂಕೇತವಿದ್ದರೆ ವಿಂಡೋಸಿಗಾಗಿ ಹೊಸದಾಗಿ ಕಟ್ಟಿಕೊಳ್ಳಬಹುದಿತ್ತು. ಮೂಲವೇ ಇಲ್ಲ. ಆ ಒಂದು ಸಾಲಿನ ಮಂತ್ರಕ್ಕೂ ಅಲ್ಲಿ ಬೆಲೆಯಿಲ್ಲ.

ಜಾವಾದಲ್ಲಿಯೂ ಇದೇ ರಾಗ, ತಾಳ ಬೇರೆ. ಹಳೆಯದಕ್ಕಾಗಿ ಕಟ್ಟಿದ್ದು ಹೊಸ ರನ್‌ಟೈಮಿನಲ್ಲಿ ಓಡಬೇಕೆಂಬುದು ಅಲ್ಲಿಯ ಸಂಪ್ರದಾಯ. ಬಹುಕಾಲ ಅದು ನಡೆದುಬಂತು. 2017ರ ಜಾವಾ 9ರಲ್ಲಿ ಒಳಮನೆಗಳಿಗೆ ಬಾಗಿಲು ಹಾಕುವ ವ್ಯವಸ್ಥೆ ಬಂತು. 2018ರ ಜಾವಾ 11ರಲ್ಲಿ, ಅದುವರೆಗೆ ಜೊತೆಯಲ್ಲೇ ಸಿಗುತ್ತಿದ್ದ ಕೆಲವು ಭಾಗಗಳನ್ನು ತೆಗೆದುಹಾಕಿದರು. ಅವನ್ನು ನಂಬಿದ್ದ ಹಳೆಯ ಲೈಬ್ರರಿಗಳು ಅನಾಥವಾದವು. 2014ರ ಜಾವಾ 8ನ್ನು ಬಿಟ್ಟು ಕದಲದ ಕಂಪನಿಗಳು ಇಂದಿಗೂ ಇವೆಯೆಂದು ಅಳಿಯನ ಗೆಳೆಯರು ನಗುತ್ತಾ ಹೇಳುತ್ತಾರೆ.

ನಗುವ ವಿಷಯವಲ್ಲವೆಂದು ನನಗನ್ನಿಸುತ್ತದೆ. ರಂಗರಾಜನ್ ಸಮಿತಿಯ 1984 ಮತ್ತು 1989ರ ವರದಿಗಳ ನಂತರ ನಮ್ಮ ಬ್ಯಾಂಕುಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು, ಆಮೇಲೆ ಶಾಖಾ ಗಣಕೀಕರಣ, ಆಮೇಲೆ ಕೋರ್ ಬ್ಯಾಂಕಿಂಗ್. ಪ್ರತಿ ಸಲವೂ ಹೊಸ ವ್ಯವಸ್ಥೆಯ ಮೂಲೆಯಲ್ಲಿ ಹಳೆಯದರ ಒಂದು ತುಂಡು ಉಳಿದೇ ಉಳಿಯಿತು. ನಾನು ಹಿಂದೆ ಇದ್ದ ಒಂದು ಶಾಖೆಯಲ್ಲಿ ಪಾಸ್‌ಬುಕ್ ಮುದ್ರಿಸುವ ಸಣ್ಣ ಘಟಕವೊಂದು ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ನಡೆಯುತ್ತಿತ್ತು. 2022ರ ಜೂನಿನಲ್ಲಿ ಆ ಎಕ್ಸ್‌ಪ್ಲೋರರ್ ನಿವೃತ್ತವಾದಾಗ, ಮುಂದಿನ ವಾರವೆಲ್ಲ ನಾವು ಪಿಂಚಣಿದಾರ ಹಿರಿಯರಿಗೆ ಕೈಬರಹದಲ್ಲಿ ಶಿಲ್ಕು ಬರೆದುಕೊಟ್ಟೆವು. ಎಡ್ಜ್ ಬ್ರೌಸರಿನಲ್ಲಿ ಹಳೆಯದರಂತೆ ನಡೆಯುವ ಒಂದು ವಿಧಾನವುಂಟೆಂದು ಯಾರೋ ತಿಳಿಸಿದ ಮೇಲೆ ಯಂತ್ರ ಮತ್ತೆ ಕರಕರ ಸದ್ದು ಮಾಡಿತು. ಆ ವಾರ ಕೌಂಟರಿನ ಆಚೆ ನಿಂತಿದ್ದ ಅಜ್ಜಿಯೊಬ್ಬರು, "ಮಷೀನಿಗೂ ರಿಟಾಯರ್ಮೆಂಟ್ ಆಯ್ತೇನಪ್ಪಾ?" ಎಂದು ಕೇಳಿದ್ದರು.

ಹಳೆಯ ಲೈಬ್ರರಿಗೆ ಇನ್ನೊಂದು ಅಪಾಯವುಂಟು: ಅದನ್ನು ದುರಸ್ತಿ ಮಾಡುವವರಿಲ್ಲ. 2021ರ ಡಿಸೆಂಬರಿನಲ್ಲಿ ಜಾವಾದ ಲಾಗ್4ಜೆ ಲೈಬ್ರರಿಯಲ್ಲಿ ದೊಡ್ಡ ಭದ್ರತಾ ಲೋಪ ಪತ್ತೆಯಾಗಿ ಲೋಕವೆಲ್ಲ ತಲ್ಲಣಿಸಿದಾಗ, 'ನಮ್ಮಲ್ಲಿ ಇನ್ನೂ ಅದರ ಹಳೆಯ 1ನೆಯ ಆವೃತ್ತಿಯಿದೆ, ಆ ಲೋಪ ನಮಗಿಲ್ಲ' ಎಂದು ಮೀಸೆ ತಿರುವಿದವರಿದ್ದರು. ಆ ಲೋಪ ಅವರಿಗೆ ತಟ್ಟದಿದ್ದದ್ದು ಸರಿ. ಆದರೆ ಆ 1ನೆಯ ಆವೃತ್ತಿಯ ಪಾಲನೆ 2015ರಲ್ಲಿಯೇ ನಿಂತಿತ್ತು. ಅದರಲ್ಲಿರುವ ಬೇರೆ ಲೋಪಗಳನ್ನು ಮುಚ್ಚುವವರು ಯಾರೂ ಉಳಿದಿರಲಿಲ್ಲ.

ಕೊನೆಗೆ ಅಳಿಯ ಹಿಡಿದ ದಾರಿ ನನಗೆ ಬಹಳ ಮೆಚ್ಚುಗೆಯಾಯಿತು. ಅದು ಬ್ಯಾಂಕಿನ ಕ್ಯಾಶ್ ಕೌಂಟರಿನ ದಾರಿ. ಹಳೆಯ ಲೈಬ್ರರಿಯನ್ನು ಹೊಸ ಮನೆಗೆ ತರುವುದೇ ಬೇಡ. ಅದಕ್ಕೆ ಪ್ರತ್ಯೇಕ ಕೋಣೆ, ಅಂದರೆ ಡಾಟ್‌ನೆಟ್ 3.5ರಲ್ಲಿ, 32 ಬಿಟ್‌ಗೆ ಕಟ್ಟಿದ ಒಂದು ಪುಟ್ಟ ಸ್ವತಂತ್ರ ಕ್ರಮವಿಧಿ. ಅಲ್ಲಿ 2.0 ರನ್‌ಟೈಮೇ ಇರುವುದರಿಂದ ಮಂತ್ರದ ಸಾಲೂ ಬೇಕಿಲ್ಲ. ಕೋಣೆಗೆ ಒಂದೇ ಕಿಂಡಿ. ಹೊಸ ತಂತ್ರಾಂಶವು ಆ ಕಿಂಡಿಯಲ್ಲಿ ನುಡಿಯ ಕಡತವನ್ನು ಒಳಗೆ ತಳ್ಳುತ್ತದೆ. ಒಳಗಿನವನು ಪರಿವರ್ತಿಸಿ ಯೂನಿಕೋಡ್ ಕಡತವನ್ನು ಹೊರಗೆ ಇಡುತ್ತಾನೆ. ಒಬ್ಬರ ಮನೆಯ ವಿಷಯ ಇನ್ನೊಬ್ಬರಿಗೆ ತಿಳಿಯುವ ಅಗತ್ಯವಿಲ್ಲ. ಒಳಗಿನವನು ಕುಸಿದರೂ ಹೊರಗಿನವನು ಬೀಳುವುದಿಲ್ಲ. ಪ್ರತಿ ಸಲ ಕಿಂಡಿಯಲ್ಲಿ ಕೊಟ್ಟು ತೆಗೆದುಕೊಳ್ಳುವುದರಿಂದ ವೇಗ ಕೊಂಚ ಕಡಿಮೆ; 214 ಕಡತಗಳಿಗೆ ಅದು ಲೆಕ್ಕಕ್ಕಿಲ್ಲ. ನಿತ್ಯ ಲಕ್ಷಗಟ್ಟಲೆ ವಹಿವಾಟು ನಡೆಸುವವರಿಗೆ ಈ ನಿಧಾನ ದುಬಾರಿಯಾದೀತು. ಅವರು ಕಷ್ಟಪಟ್ಟಾದರೂ ಹೊಸದಾಗಿ ಬರೆಯುವುದೇ ಲೇಸು.

ವಿಂಡೋಸ್ 11ರ ನನ್ನ ಗಣಕದಲ್ಲಿ 3.5 ತಾನಾಗಿ ಇರಲಿಲ್ಲ, ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿ ಗುರುತು ಹಾಕಿ ಪಡೆಯಬೇಕಾಯಿತು. ಆ 3.5ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2029ರ ಜನವರಿ 9ರವರೆಗೆ ಮಾತ್ರ. ಹಾಗಾಗಿ ಕೋಣೆಯನ್ನು ಶಾಶ್ವತವಾಗಿ ಇಟ್ಟುಕೊಳ್ಳುವ ಆಸೆ ಬೇಡವೆಂದು ಎಲ್ಲ ಕಡತಗಳನ್ನೂ ಒಮ್ಮೆಲೇ ಪರಿವರ್ತಿಸಿ, ಮೂಲ ಕಡತಗಳನ್ನು ಕದಲಿಸದೆ ಪಕ್ಕದಲ್ಲಿಯೇ ಉಳಿಸಿದೆವು. ಮೂಲವನ್ನು ಅಳಿಸದಿದ್ದದ್ದು ಎಷ್ಟು ಒಳ್ಳೆಯದಾಯಿತೆಂಬುದು ಒಂದು ವಾರದೊಳಗೆ ತಿಳಿಯಿತು.

ಕರಡು ಪ್ರತಿಯನ್ನು ಮುದ್ರಿಸಿ ನನ್ನ ತಂಗಿಗೆ, ಅಂದರೆ ಅಳಿಯನ ತಾಯಿಗೆ, ಓದಲು ಕೊಟ್ಟಿದ್ದೆ. ಅವಳು ಫೋನು ಮಾಡಿ, "ಅಣ್ಣಾ, ಅಪ್ಪ ನನ್ನ ರ‍್ಯಾಂಕ್ ಬಗ್ಗೆ ಬರದದ್ದು ನೋಡಿದೆ. ಆದರ ಅದು ಯಾಕ ರ್ಯಾಂಕ್ ಅಂತ ಆಗೇದ? ಅಪ್ಪ ಹಂಗ ಬರಿಯವರಲ್ಲ" ಎಂದಳು. ಪುಟ ತೆರೆದು ನೋಡಿದರೆ ನಿಜ. 1982ರ ಗೋಕಾಕ್ ಚಳವಳಿಯ ರ‍್ಯಾಲಿಯೂ ರ್ಯಾಲಿಯಾಗಿತ್ತು.

ಕಾರಣ ಹುಡುಕಿದಾಗ ತಿಳಿದದ್ದು ಇದು. ಹಳೆಯ ಕಡತದಲ್ಲಿ 'ಸೂರ್ಯ'ದ ಅರ್ಕಾವತ್ತಿಗೂ 'ರ‍್ಯಾಂಕ್'ನ ಯಕಾರದ ಒತ್ತಿಗೂ ಬೇರೆ ಬೇರೆ ತುಂಡುಗಳಿವೆ. ತಂದೆಯವರು ಸರಿಯಾಗಿಯೇ ಹೊಡೆದಿದ್ದರು. ಯೂನಿಕೋಡಿನಲ್ಲಿ ಮಾತ್ರ ರಕಾರ, ಹಲಂತ, ಯಕಾರ ಒಂದರ ಹಿಂದೆ ಒಂದು ಬಂದರೆ ಅದು ಅರ್ಕಾವತ್ತಾಗಿಯೇ ಮೂಡುತ್ತದೆ. ಒತ್ತಾಗಿ ಮೂಡಬೇಕಾದರೆ ರಕಾರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣಾ ಚಿಹ್ನೆಯನ್ನು ಸೇರಿಸಬೇಕು. 2006ರ ಲೈಬ್ರರಿಗೆ ಆ ಚಿಹ್ನೆಯ ಅರಿವಿರಲಿಲ್ಲ. ಎರಡು ಬೇರೆ ರೂಪಗಳನ್ನು ಅದು ಒಂದಾಗಿ ಕಲಸಿತ್ತು. ಕಲಸಿದ ಮೇಲೆ ಯಾವುದು ಯಾವುದೆಂದು ಪರಿವರ್ತಿತ ಕಡತವನ್ನಷ್ಟೇ ನೋಡಿ ಹೇಳಲು ಬರುವುದಿಲ್ಲ.

ಲೈಬ್ರರಿಯನ್ನು ತಿದ್ದುವಂತಿಲ್ಲ. ಅಳಿಯ ಕಿಂಡಿಯ ಈಚೆಯಲ್ಲಿ, ಹೊಸ ತಂತ್ರಾಂಶದಲ್ಲಿ, ಒಂದು ಸಣ್ಣ ಪಹರೆ ಇಟ್ಟ. ಕಡತ ಒಳಗೆ ಹೋಗುವ ಮುನ್ನ ರಕಾರದ ಮುಂದೆ ಒತ್ತು ಬಂದ ಜಾಗಗಳನ್ನು ಮೂಲದಲ್ಲಿಯೇ ಗುರುತಿಸಿ, ಹೊರಗೆ ಬಂದ ಮೇಲೆ ಅಲ್ಲಲ್ಲಿ ಆ ಚಿಹ್ನೆಯನ್ನು ಸೇರಿಸುವುದು ಅದರ ಕೆಲಸ. ಒಟ್ಟು ನಲವತ್ತಕ್ಕೂ ಹೆಚ್ಚು ಕಡೆ ತಿದ್ದುಪಡಿಯಾಯಿತು. ಹೊಸ ಕರಡನ್ನು ತಂಗಿಯ ಮನೆಗೆ ನಾನೇ ಒಯ್ದು ಕೊಟ್ಟೆ. ಅವಳು ಬೇರೆಲ್ಲ ಬಿಟ್ಟು ಮೊದಲು ಆ ಪುಟ ತೆರೆದಳು, ಆ ಒಂದು ಪದದ ಮೇಲೆ ಬೆರಳಿಟ್ಟಳು, ಆಮೇಲೆ ಚಹಾ ಇಡಲು ಒಳಗೆ ಹೋದಳು.